ಹಳೆಯ ಶಾಸಕರೊಬ್ಬರ ಬದುಕನ್ನು ಐದು ನಿಮಿಷದಲ್ಲಿ ಹೇಳುವುದು ಹೇಗೆ

ಮೊದಲು ಹೊಗಳಿಕೆಯ ಮಾತುಗಳನ್ನೆಲ್ಲ ಹೊಡೆದುಹಾಕಿ. 'ಮಹಾನ್ ನಾಯಕ', 'ಅಪ್ರತಿಮ ಮೇಧಾವಿ' ಇವೆಲ್ಲ ಯಾರಿಗೆ ಬೇಕಾದರೂ ಹೊಂದುತ್ತವೆ, ಅಲ್ವಾ? ಕಾರವಾರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಪ್ರತಿಭಾ ಕಾರಂಜಿಯ ಭಾಷಣಕ್ಕೆ ಮಕ್ಕಳನ್ನು ತಯಾರು ಮಾಡುವಾಗ ಇಲ್ಲಿಂದಲೇ ಶುರು ಮಾಡುತ್ತೇನೆ. ಒಬ್ಬ ಹುಡುಗಿ ಫ್ರೆಡರಿಕ್ ಮ್ಯೂಲೆನ್‌ಬರ್ಗ್ ಅವರನ್ನು ಆರಿಸಿಕೊಂಡಿದ್ದಳು. ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್ ಅವರು. ಅದೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಕ್ಕೆ ಸಿಕ್ಕಿದ ಹುದ್ದೆ, ಬಲಕ್ಕೆ ಅಲ್ಲಿ ಕೂತು ಮಾಡಿದ ಕೆಲಸ. ಎಡಭಾಗ ಬೇಗ ತುಂಬುತ್ತದೆ. 1750ರಲ್ಲಿ ಪೆನ್ಸಿಲ್ವೇನಿಯಾದ ಟ್ರಾಪ್ ಎಂಬ ಊರಲ್ಲಿ ಹುಟ್ಟು. ಜರ್ಮನಿಯ ಹಾಲೆಯಲ್ಲಿ ಓದು. 1770ರಲ್ಲಿ ಲೂಥರನ್ ಪಾದ್ರಿ. 1779ರಲ್ಲಿ ರಾಜಕೀಯ. 1789ರಲ್ಲಿ ಸ್ಪೀಕರ್. ಇದಕ್ಕೆ ಒಂದು ನಿಮಿಷ ಸಾಕು.

ಬಲಭಾಗ ಖಾಲಿ ಕಂಡರೆ ಗಾಬರಿಯಾಗಬೇಡಿ. ಅದನ್ನು ತುಂಬಿಸುವುದೇ ನಿಜವಾದ ಕೆಲಸ. ಹೊಸ ಸಂಸತ್ತು 1789ರ ಮಾರ್ಚ್ 4ಕ್ಕೆ ನ್ಯೂಯಾರ್ಕಿನಲ್ಲಿ ಸೇರಬೇಕಿತ್ತು. ಆಗ ಪ್ರತಿನಿಧಿ ಸಭೆಯಲ್ಲಿ 59 ಸ್ಥಾನ. ಸಭೆ ನಡೆಯಲು 30 ಜನ ಬೇಕು. ಅಷ್ಟು ಮಂದಿ ಬಂದು ಸೇರುವಾಗ ಏಪ್ರಿಲ್ 1 ಆಗಿತ್ತು. ಮಳೆಗಾಲದಲ್ಲಿ ಅಣಶಿ ಘಟ್ಟದ ಮೇಲೆ ಗುಡ್ಡ ಕುಸಿದು ಬಸ್ಸಿಗಾಗಿ ಕಾದ ನಮ್ಮ ಮಕ್ಕಳಿಗೆ ಆ ಕಾಯುವಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಕೋರಂ ಆದ ದಿನವೇ ಮ್ಯೂಲೆನ್‌ಬರ್ಗ್ ಸ್ಪೀಕರ್ ಆಗಿ ಆಯ್ಕೆಯಾದರು.

ಆಮೇಲೆ ಒಂದೇ ಒಂದು ಮತವನ್ನು ಆರಿಸಿ, ಅದರ ಮೇಲೆ ಎರಡು ನಿಮಿಷ ನಿಲ್ಲಿ. ಶಾಸಕರ ಬದುಕನ್ನು ಅವರು ಹಾಕಿದ ಮತದಿಂದ ತಿಳಿಯಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಇಲ್ಲಿ ಅದು 1796ರ ಏಪ್ರಿಲ್ 29ರ ಮತ. ಬ್ರಿಟನ್ ಜೊತೆ ಜಾನ್ ಜೇ ಮಾಡಿಕೊಂಡು ಬಂದ ಒಪ್ಪಂದಕ್ಕೆ ಹಣ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ. ಇಡೀ ಸದನವೇ ಸಮಿತಿಯಾಗಿ ಕೂತಿತ್ತು. ಮ್ಯೂಲೆನ್‌ಬರ್ಗ್ ಆಗ ಸ್ಪೀಕರ್ ಅಲ್ಲ, ಆ ಸಮಿತಿಯ ಅಧ್ಯಕ್ಷರು. ಎರಡೂ ಕಡೆ 49 ಮತ ಬಿದ್ದವು. ಅಧ್ಯಕ್ಷರ ಮತವೇ ತೀರ್ಮಾನ. ಅವರು ಒಪ್ಪಂದದ ಪರ ಹಾಕಿದರು. ಕೆಲವೇ ದಿನಗಳಲ್ಲಿ ಸ್ವಂತ ನೆಂಟರೇ, ಹೆಂಡತಿಯ ಅಣ್ಣ-ತಮ್ಮಂದಿರಲ್ಲಿ ಒಬ್ಬರು, ಸಿಟ್ಟಿನಿಂದ ಚೂರಿ ಹಾಕಿದರು. ಜೀವ ಉಳಿಯಿತು. ಆದರೆ 1797ರಲ್ಲಿ ಅವಧಿ ಮುಗಿದ ಮೇಲೆ ಆ ಸದನಕ್ಕೆ ಮತ್ತೆ ಬರಲಿಲ್ಲ.

ಸಮ ಮತ ಬಿದ್ದಾಗ ಅಧ್ಯಕ್ಷರು ಏನು ಮಾಡುತ್ತಾರೆ ಎಂಬುದು ಕೇಳುವವರಿಗೆ ಗೊತ್ತಿರಬೇಕು. ನಮ್ಮಲ್ಲೂ ಸಭಾಧ್ಯಕ್ಷರು ಅಂಥ ಹೊತ್ತಲ್ಲಿ ಮಾತ್ರ ಮತ ಹಾಕುತ್ತಾರೆ. ನಮ್ಮ ಜಿಲ್ಲೆಯವರೇ ಆದ ವಿಶ್ವೇಶ್ವರ ಹೆಗಡೆ ಕಾಗೇರಿ 2019ರಿಂದ 2023ರವರೆಗೆ ವಿಧಾನಸಭೆಯಲ್ಲಿ ಆ ಕುರ್ಚಿಯಲ್ಲಿದ್ದರು ಎಂದು ಒಂದು ವಾಕ್ಯ ಸೇರಿಸಿ. ಸಭೆಯ ಕಿವಿ ನೆಟ್ಟಗಾಗುತ್ತದೆ.

ಇನ್ನು ಕತೆಗಳ ವಿಷಯ. ಹಳೆಯ ನಾಯಕರ ಸುತ್ತ ಕತೆ ಬೆಳೆದೇ ಇರುತ್ತದೆ. ಮ್ಯೂಲೆನ್‌ಬರ್ಗ್ ಒಂದೇ ಮತದಿಂದ ಜರ್ಮನ್ ಭಾಷೆ ಅಮೆರಿಕದ ಆಡಳಿತ ಭಾಷೆ ಆಗುವುದನ್ನು ತಪ್ಪಿಸಿದರಂತೆ! ನಮ್ಮ ಹುಡುಗಿ ಅದನ್ನು ಕೆಂಪು ಇಂಕಿನಲ್ಲಿ ಚೌಕ ಹಾಕಿ ಬರೆದುಕೊಂಡಿದ್ದಳು. ಅಂಥ ಮತದಾನ ನಡೆದೇ ಇಲ್ಲ. ನಡೆದದ್ದು ಇಷ್ಟು: ವರ್ಜೀನಿಯಾದ ಜರ್ಮನ್ನರು ಕಾನೂನುಗಳನ್ನು ಜರ್ಮನ್‌ನಲ್ಲೂ ಅಚ್ಚು ಹಾಕಿಸಿಕೊಡಿ ಎಂದು ಅರ್ಜಿ ಕೊಟ್ಟಿದ್ದರು. 1795ರಲ್ಲಿ ಅದರ ಚರ್ಚೆ ಬಂದಾಗ ಸದನ ಮುಂದೂಡುವ ಸೂಚನೆ 41ಕ್ಕೆ 42 ಮತಗಳಿಂದ ಬಿದ್ದಿತು. ಆ ಒಂದು ಮತವೇ ಮುಂದೆ ಕತೆಯಾಗಿ ಬೆಳೆಯಿತು. ಕೊನೆಗೆ ಅರ್ಜಿಗೂ ಸೋಲು. ಇದನ್ನು ಹೇಳಿದಾಗ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಅವಳ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬ್ಯಾಂಕಿನ ಫಾರಂ ಇಂಗ್ಲಿಷ್. "ಅವ್ರು ಕೇಳಿದ್ದು ಸರಿಯೇ ಇತ್ತಲ್ಲ ಸರ್" ಎಂದಳು. ನಿಜವಾದ ಸಂಗತಿಯೇ ಅವಳಿಗೆ ಜಾಸ್ತಿ ಹತ್ತಿರವಾಯಿತು. ಸುಳ್ಳು ಕತೆ ಸಿಕ್ಕರೆ ಸುಮ್ನೆ ಬಿಟ್ಟುಬಿಡಬೇಡಿ, ಅದು ಹುಟ್ಟಿದ್ದು ಹೇಗೆ ಎಂದು ಹೇಳಿ.

ಅವರ ಬಾಯಲ್ಲಿ ಮಾತುಗಳನ್ನು ಇಡಬೇಡಿ. ಆ ಕಾಲದ ಸದನದ ಮಾತು ಪೂರ್ತಿ ದಾಖಲಾಗುತ್ತಿರಲಿಲ್ಲ. ಎಷ್ಟೋ ಭಾಷಣಗಳು ಪತ್ರಿಕೆಯವರು ಬರೆದುಕೊಂಡಷ್ಟೇ ಉಳಿದಿವೆ. ಹುದ್ದೆ, ಇಸವಿಗಳಿಗೆ ಅಮೆರಿಕ ಸಂಸತ್ತೇ ನಡೆಸುವ ಸದಸ್ಯರ ಪರಿಚಯ ಕೋಶ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಶಾಲೆಯ ಕಂಪ್ಯೂಟರಿನಲ್ಲೇ ನೋಡಬಹುದು.

ಸಾವಿಗೆ ಒಂದೇ ವಾಕ್ಯ: 1801ರ ಜೂನ್ 4, ಲ್ಯಾಂಕಾಸ್ಟರ್, ವಯಸ್ಸು 51. ಆಮೇಲೆ ಗಡಿಯಾರ ಮುಂದಿಟ್ಟುಕೊಂಡು ಮನೆಯವರ ಎದುರು ಹೇಳಿ ನೋಡಿ. ಐದು ನಿಮಿಷ ಮೀರಿದರೆ ಹುದ್ದೆಗಳನ್ನು ಕಡಿಮೆ ಮಾಡಿ, ಮತದ ಭಾಗವನ್ನು ಮುಟ್ಟಬೇಡಿ. 'ಇದು ನಿನಗೆ ಎಲ್ಲಿ ಸಿಕ್ಕಿತು?' ಎಂದು ತೀರ್ಪುಗಾರರು ಕೇಳಿದರೆ ಉತ್ತರ ತಯಾರಿರಲಿ.