ಹೊಂಗೆ ನೆರಳಲ್ಲಿ ಚಿಕ್ಕಮ್ಮನ ಆಯಿಲ್ ಪೇಂಟಿಂಗ್

ಇಂಪ್ರೆಷನಿಸ್ಟ್ ಶೈಲಿಯಲ್ಲಿ, ಅಂದರೆ ಆ ಹೊತ್ತಿನ ಬೆಳಕನ್ನು ಬಿಡಿ ಬಿಡಿ ಸ್ಟ್ರೋಕ್‌ಗಳಲ್ಲಿ ಹಿಡಿಯುವ ಶೈಲಿಯಲ್ಲಿ, ಮನುಷ್ಯರನ್ನು ಹೊರಗೆ ಕೂರಿಸಿ ಚಿತ್ರ ಬರೆಯೋಕೆ ಹೊರಟರೆ ನಮ್ಮ ಕಡೆ ಮೊದಲು ಅಡ್ಡ ಬರೋದು ಬಿಸಿಲೇ. ಈ ಶೈಲಿಯ ಹೆಸರಾಂತ ಚಿತ್ರಕಾರರಾದ ಮೋನೆ, ರೆನ್ವಾರ್ ಕೆಲಸ ಮಾಡಿದ ಉತ್ತರ ಫ್ರಾನ್ಸ್‌ನಲ್ಲಿ ಓರೆ ಬಿಸಿಲು ಜಾಸ್ತಿ ಹೊತ್ತು ಇರುತ್ತದೆ. ಮೈಸೂರು ಸೀಮೆಯ ಬೇಸಿಗೆಯಲ್ಲಿ ಹತ್ತೂವರೆಗೆಲ್ಲ ಸೂರ್ಯ ಮೇಲೇರಿ, ಕಣ್ಣಿನ ಗುಳಿ ಕಪ್ಪಾಗಿ, ಮೂಗಿನ ನೆರಳು ತುಟಿ ಮೇಲೆ ಬಿದ್ದಿರುತ್ತದೆ. ಅದಕ್ಕೇ ನಾನು ಡಿಸೆಂಬರ್ ಆರಿಸಿಕೊಂಡೆ. ಬೆಳಗ್ಗೆ ಎಂಟಕ್ಕೆ ಚಿಕ್ಕಮ್ಮನನ್ನು ಹಿತ್ತಲಿನ ಹೊಂಗೆ ಮರದ ಕೆಳಗೆ ಕೂರಿಸಿ, ಮುಂದೆ ಅವರೆಕಾಯಿ ಮೊರ ಇಟ್ಟೆ. ಸುಮ್ನೆ ಕೂತಿರಿ ಅಂದರೆ ಯಾರೂ ಕೂರಲ್ಲ. ಕೈಗೆ ಕೆಲಸ ಸಿಕ್ಕರೆ ಭಂಗಿ ತಾನಾಗೇ ನಿಲ್ಲುತ್ತದೆ.

12×16 ಇಂಚಿನ ಕ್ಯಾನ್ವಾಸ್. ಹಿಂದಿನ ದಿನವೇ ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣಕ್ಕೆ ಟರ್ಪಂಟೈನ್ ಬೆರೆಸಿ ತೆಳುವಾಗಿ ಬಳಿದು ಒಣಗಿಸಿದ್ದೆ. ಬಿಳಿ ಕ್ಯಾನ್ವಾಸ್ ಮೇಲೆ ಬಿಸಿಲಲ್ಲಿ ಯಾವ ಟೋನ್ ಎಷ್ಟು ಗಾಢ ಅಂತ ತಿಳಿಯೋದೇ ಇಲ್ಲ. ಪ್ಯಾಲೆಟ್‌ನಲ್ಲಿ (ಬಣ್ಣ ಕಲಸುವ ಹಲಗೆ) ಕಪ್ಪು ಇರಲಿಲ್ಲ, ‘ಸ್ಕಿನ್ ಟೋನ್’ ಅಂತ ಮಾರುವ ಟ್ಯೂಬೂ ಇರಲಿಲ್ಲ. ಆ ಗುಲಾಬಿ ಬಣ್ಣ ನಮ್ಮವರ ಯಾರ ಮೈಗೆ ಹೊಂದುತ್ತೆ ಹೇಳಿ! ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ಅಲಿಜರಿನ್ ಕ್ರಿಮ್ಸನ್, ಕ್ಯಾಡ್ಮಿಯಂ ಹಳದಿ ಮತ್ತು ಕೆಂಪು, ಟೈಟಾನಿಯಂ ಬಿಳಿ, ಇಷ್ಟೇ.

ಕಣ್ಣು ಕಿರಿದು ಮಾಡಿ ನೋಡಿ, ಎಂಟನೇ ನಂಬರಿನ ಚಪ್ಪಟೆ ಬ್ರಷ್‌ನಲ್ಲಿ ಮೂರು ಭಾಗ ಮಾತ್ರ ಹಾಕಿದೆ: ನೆರಳಲ್ಲಿರುವ ಚಿಕ್ಕಮ್ಮ, ಹಿಂದಿನ ಬಿಸಿಲು ನೆಲ, ಮರದ ಕಾಂಡ. ಮುಖಕ್ಕೂ ಅದೇ ಬ್ರಷ್. ಕಣ್ಣು ಅಂತ ಬಿಡಿಸಲಿಲ್ಲ, ಒಂದೊಂದು ಗಾಢ ಸ್ಟ್ರೋಕ್ ಅಷ್ಟೇ.

ಕಂದು ಮೈಬಣ್ಣ ನೆರಳಲ್ಲಿ ಹೇಗಿರುತ್ತೆ ಅಂತ ಸಾವಕಾಶ ನೋಡಬೇಕು. ಆಕಾಶಕ್ಕೆ ಮುಖ ಮಾಡಿದ ಹಣೆ, ಕೆನ್ನೆಯ ಮೇಲ್ಭಾಗ ನೀಲಿಗೆ ತಿರುಗಿತ್ತು. ಗಲ್ಲದ ಕೆಳಗೆ ಮಾತ್ರ ಕಿತ್ತಳೆ. ಎದುರಿಗಿದ್ದ ಕೆಮ್ಮಣ್ಣಿನ ಮೇಲೆ ಬಿಸಿಲು ಬಿದ್ದು ಅಲ್ಲಿಂದ ಮೇಲಕ್ಕೆ ಹೊಡೆಯುತ್ತಿತ್ತು. ಎರಡನ್ನೂ ಪ್ಯಾಲೆಟ್‌ನಲ್ಲಿ ಕಲಸದೆ ಪಕ್ಕಪಕ್ಕ ಇಟ್ಟೆ. ಎದ್ದು ಬಂದು ನೋಡಿದ ಚಿಕ್ಕಮ್ಮ, "ನನ್ನ ಕೆನ್ನೆಗೆ ಯಾಕೋ ನೀಲಿ ಬಳಿದಿದ್ದೀಯ?" ಅಂದರು. ದೂರ ಹೋಗಿ ಬಾವಿ ಕಟ್ಟೆ ಹತ್ತಿರ ನಿಂತು ನೋಡಿ ಚಿಕ್ಕಮ್ಮ, ಬಣ್ಣಗಳು ಕಣ್ಣಲ್ಲೇ ಬೆರೆಯುತ್ತವೆ ಅಂದೆ. ಅಲ್ಲಿಂದ "ಹ್ಞೂಂ, ನಾನೇ" ಅಂದು ಮತ್ತೆ ಅವರೆಕಾಯಿಗೆ ಹೋದರು.

ಎಲೆ ಸಂದಿಯಿಂದ ಬೀಳುವ ಬಿಸಿಲಿನ ಮಚ್ಚೆಗಳನ್ನು ಕೊನೆಗೆ ಇಟ್ಟುಕೊಂಡಿದ್ದೆ. 1877ರಲ್ಲಿ ರೆನ್ವಾರ್‌ನ ಉಯ್ಯಾಲೆ ಚಿತ್ರ ನೋಡಿದ ವಿಮರ್ಶಕರೊಬ್ಬರು, ಬಟ್ಟೆ ಮೇಲೆ ಜಿಡ್ಡಿನ ಕಲೆ ಆದಂತಿದೆ ಅಂತ ಬರೆದಿದ್ದರು. ಆ ಚಿತ್ರಕ್ಕೆ ಅದು ಅನ್ಯಾಯದ ಮಾತು, ಆದರೆ ನಮ್ಮಂಥವರು ಕಿವಿಗೆ ಹಾಕಿಕೊಳ್ಳಬೇಕಾದ್ದು. ಮಚ್ಚೆಗೆ ಬರೀ ಬಿಳಿ ಹಾಕಿದರೆ ನಿಜವಾಗಲೂ ಕಲೆಯಂತೇ ಕಾಣುತ್ತದೆ. ಅಲ್ಲಿರುವ ಬಣ್ಣವೇ ಬಿಸಿಲಲ್ಲಿ ಹೇಗಿರುತ್ತೋ ಹಾಗೆ ಕಲಸಬೇಕು. ಚಿಕ್ಕಮ್ಮನ ತಿಳಿ ಹಳದಿ ಸೀರೆ ನೆರಳಲ್ಲಿ ಬೂದು ಹಸಿರಾಗಿತ್ತು, ಮಚ್ಚೆ ಬಿದ್ದಲ್ಲಿ ಬಿಳಿಗೆ ಕ್ಯಾಡ್ಮಿಯಂ ಹಳದಿ ಸೋಕಿಸಿದಷ್ಟು. ಮಚ್ಚೆ ನೆರಿಗೆಯ ಮೇಲೆ ಹಾಯುವಾಗ ನೆರಿಗೆ ಜೊತೆಗೇ ತಿರುಗಬೇಕು. ಅಂಚನ್ನು ಬೆರಳಲ್ಲಿ ಸ್ವಲ್ಪ ಸವರಿದೆ. ಇನ್ನೊಂದು ವಿಷಯ, ಇವು ಜಾಗ ಬದಲಿಸುತ್ತಲೇ ಇರುತ್ತವೆ. ಎಂಟೂವರೆಗೆ ಎಲ್ಲೆಲ್ಲಿದ್ದವೋ ಅಲ್ಲಿ ಗುರುತು ಹಾಕಿಕೊಂಡು, ಆಮೇಲೆ ಅವುಗಳ ಹಿಂದೆ ಓಡಲಿಲ್ಲ.

ಒಂಬತ್ತೂವರೆಗೆ ನಿಲ್ಲಿಸಿ ಮರುದಿನ ಅದೇ ಹೊತ್ತಿಗೆ ಕೂತೆವು. ಅಮೆರಿಕನ್ ಚಿತ್ರಕಾರ ಸಾರ್ಜೆಂಟ್ 1885-86ರಲ್ಲಿ ಲಾಟೀನು ಹಚ್ಚುವ ಇಬ್ಬರು ಹುಡುಗಿಯರನ್ನು ಬರೆದಿದ್ದು ಹೀಗೇ, ಸಂಜೆಯ ಬೆಳಕು ಸರಿಯಿದ್ದ ಕೆಲವೇ ನಿಮಿಷ ಬ್ರಷ್ ಹಿಡಿದು. ಅವರಿಗೆ ಎರಡು ವರ್ಷದ ಸೀಸನ್ ಬೇಕಾಯಿತು, ನಮ್ಮಲ್ಲಿ ಡಿಸೆಂಬರ್ ಆಕಾಶ ಅಷ್ಟು ಸತಾಯಿಸಲ್ಲ.

ಬಣ್ಣ ದಪ್ಪ ಇರುವ ಕಡೆ ಒಣಗಲು ತಿಂಗಳುಗಳೇ ಬೇಕು, ವಾರ್ನಿಷ್ ಆಮೇಲೆ. ಅಲ್ಲಿಯವರೆಗೆ ಅಟ್ಟದ ಕತ್ತಲಲ್ಲಿ ಇಡಬೇಡಿ, ಬಣ್ಣದಲ್ಲಿರುವ ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗೆ ತಿರುಗುತ್ತದೆ. ನಮ್ಮದು ನಡುಮನೆಯ ಕಿಟಕಿ ಎದುರಿನ ಗೋಡೆ ಮೇಲಿದೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ.