ಹಳೇ ಕಿಚನ್ ಶಟರ್ (ಕಪಾಟಿನ ಬಾಗಿಲು) ಬಿಸಾಕೋ ಮುಂಚೆ ಒಂದ್ಸಲ ಪೇಂಟ್ ಮಾಡಿ ನೋಡಿ

ನಮ್ಮನೇದು 15 ವರ್ಷದ ಹಳೇ ಪ್ಲೈವುಡ್ ಶಟರ್, ಮೇಲೆ ಸನ್‌ಮೈಕಾ, ಒಲೆ ಪಕ್ಕದ್ದಂತೂ ಒಗ್ಗರಣೆ ಜಿಡ್ಡು ಹಿಡಿದು ಕೈ ಇಟ್ರೆ ಅಂಟ್ಕೊಳ್ಳೋದು. ಬಡಗಿ ಹೇಳಿದ ರೇಟ್ ಕೇಳಿ ನಾನೇ ಮಾಡ್ದೆ. ಮೊದ್ಲು ಬಾಗಿಲೆಲ್ಲ ಬಿಚ್ಚಿ, ಹಿಂಜ್ ಕೂರೋ ಗುಂಡಿ ಒಳಗೆ ಪೆನ್ಸಿಲ್ಲಲ್ಲಿ ನಂಬರ್ ಹಾಕಿ, ನಾನು ನಂಬರ್ ಹಾಕದೇ ಇದ್ದಿದ್ದಕ್ಕೆ ಎರಡು ಬಾಗಿಲು ಅದಲು ಬದಲಾಗಿ ಅರ್ಧ ದಿನ ಒದ್ದಾಡ್ದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ತಿಕ್ಕಿ (ಗ್ಲೌಸ್ ಹಾಕ್ಕೊಳ್ಳಿ, ಕೈ ಉರಿಯತ್ತೆ), ಒರೆಸಿ ಒಣಗಿಸಿ. ಜಿಡ್ಡು ಉಳಿದ್ರೆ ಎಷ್ಟು ಒಳ್ಳೆ ಪೇಂಟ್ ಆದ್ರೂ ಸಿಪ್ಪೆ ಥರ ಏಳತ್ತೆ, ಅದಕ್ಕೆ ಇಲ್ಲಿ ಅವಸರ ಬೇಡ.

ಆಮೇಲೆ 220 ನಂಬರ್ ಸ್ಯಾಂಡ್‌ಪೇಪರ್, ಹೊಳಪು ಹೋಗಿ ಮಂಕಾದ್ರೆ ಸಾಕು. ಅಂಗಡೀಲಿ ಲ್ಯಾಮಿನೇಟ್ ಮೇಲೆ ಹಿಡಿಯೋ ಪ್ರೈಮರ್ ಅಂತಲೇ ಕೇಳಿ, ಮಾಮೂಲಿ ವುಡ್ ಪ್ರೈಮರ್ ಸರಿಯಾಗಿ ನಿಲ್ಲಲ್ಲ. ಮೇಲೆ ಎನಾಮೆಲ್, ಸ್ಪಂಜ್ ರೋಲರಲ್ಲಿ ತೆಳ್ಳಗೆ ಎರಡು ಕೋಟ್.

ಸ್ಕ್ರೂ ತೂತು ಲೂಸಾಗಿದ್ರೆ ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುರುಕಿ, ಒಣಗಿದ ಮೇಲೆ ತಿರುಗಿಸಿ, ಗಟ್ಟಿ ಕೂರತ್ತೆ. ಮಳೆಗಾಲದಲ್ಲಿ ಮಾತ್ರ ಶುರು ಮಾಡ್ಬೇಡಿ, ಒಣಗೋದೇ ಇಲ್ಲ ಮಾರಾಯ್ರೆ.