ಸರ್, ಒಂದು ಸೂಜಿ ಕಮ್ಮಿ ಇದೆ

ನಾನು ಕೊಡಗಿನ ಒಂದು ಆಸ್ಪತ್ರೆಯಲ್ಲಿ ಓಟಿ (ಆಪರೇಷನ್ ಥಿಯೇಟರ್) ನರ್ಸ್. ಅವತ್ತು ಕಕ್ಕಡದ ಮಳೆ ಹೊಡೀತಿತ್ತು. ತೋಟದ ಕೆಲಸದವರೊಬ್ಬರ ಹೊಟ್ಟೆಗೆ ಕಾಡುಹಂದಿ ತಿವಿದಿತ್ತು. ಕರುಳು ಹೊಲಿದಾಗಿತ್ತು. ಹೊಟ್ಟೆ ಮುಚ್ಚುವ ಮೊದಲು ಎಣಿಸಿದೆ. ಬೋರ್ಡಿನಲ್ಲಿ ಬರೆದಿದ್ದ ಲೆಕ್ಕ 14 ಸೂಜಿ, ನನ್ನ ಪೆಟ್ಟಿಗೆಯಲ್ಲಿ 13.

ಮತ್ತೆ ಎಣಿಸಿದೆ. ಜೊತೆಗಿದ್ದ ಸಿಸ್ಟರ್ ಸೂಜಿ-ದಾರದ ಖಾಲಿ ಪ್ಯಾಕೆಟ್‌ಗಳನ್ನು ಎಣಿಸಿದರು, ಒಂದೊಂದಕ್ಕೆ ಒಂದು ಸೂಜಿ. 14. ಸರ್ಜನ್ ಕೈ ಆಗಲೇ ಮುಂದಿನ ದಾರಕ್ಕೆ ಚಾಚಿತ್ತು. ದೊಡ್ಡ ಡಾಕ್ಟರನ್ನು ತಡೆಯೋದು ಸುಲಭ ಅಲ್ಲ. ಆದರೂ ಹೇಳಿದೆ: "ಸರ್, ಒಂದು ಸೂಜಿ ಕಮ್ಮಿ ಇದೆ. ಮುಚ್ಚಬೇಡಿ."

ಅವರು ನಿಲ್ಲಿಸಿದರು. ಬಾಗಿಲು ಹಾಕಿಸಿದೆವು. ಕಸದ ಚೀಲ, ಬಟ್ಟೆ ಯಾವುದೂ ಹೊರಗೆ ಹೋಗುವಂತಿಲ್ಲ. ಸರ್ಜನ್ ಕರುಳಿನ ಒಂದೊಂದೇ ಮಡಿಕೆ ಸರಿಸಿ, ಹೊಟ್ಟೆಯ ಎರಡೂ ಪಕ್ಕ, ಕೆಳಗಿನ ಗುಂಡಿ ಎಲ್ಲಾ ನೋಡಿದರು. ಮೊದಲು ಕಣ್ಣಲ್ಲಿ, ಆಮೇಲೆ ಕೈಯಲ್ಲಿ. ಸುಮ್ನೆ ಕೈ ಹಾಕಿದರೆ ಸೂಜಿ ಅವರಿಗೇ ಚುಚ್ಚುತ್ತೆ. ನಾನು ಟ್ರೇ, ರಕ್ತ ಒರೆಸುವ ಮಾಪ್ ಬಟ್ಟೆ, ಸಕ್ಷನ್ ಪೈಪ್, ಸೂಜಿ ಹಿಡಿಯುವ ನೀಡಲ್ ಹೋಲ್ಡರ್‌ನ ಬಾಯಿ ನೋಡಿದೆ. ಸಿಸ್ಟರ್ ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಓಡಿಸಿದರು, ಎಲ್ಲರ ಚಪ್ಪಲಿ ಅಡಿಯನ್ನೂ ನೋಡಿದರು.

ಸಿಗಲಿಲ್ಲ. ಸಿ-ಆರ್ಮ್ ಅನ್ನೋ ತಳ್ಳಿಕೊಂಡು ಬರುವ ಎಕ್ಸ್‌ರೇ ಯಂತ್ರ ತರಿಸಿದೆವು. ಅದರ ಪರದೆಯಲ್ಲಿ ಒಂದು ಸಲಕ್ಕೆ ಸ್ವಲ್ಪ ಜಾಗವಷ್ಟೇ ಕಾಣುತ್ತೆ. ಹಾಗಾಗಿ ಎದೆಗೂಡಿನ ಕೆಳಗಿಂದ ಸೊಂಟದವರೆಗೆ, ಒಂದರ ಅಂಚು ಇನ್ನೊಂದಕ್ಕೆ ಸೇರುವ ಹಾಗೆ ಚಿತ್ರ ತೆಗೆಯಬೇಕು. ನಮ್ಮದು 26 ಮಿಲಿಮೀಟರ್ ಸೂಜಿ, ಒಳಗಿದ್ದರೆ ಕೊಕ್ಕೆಯ ಹಾಗೆ ಎದ್ದು ಕಾಣಬೇಕು. ರಕ್ತನಾಳಕ್ಕೆ ಬಳಸುವ 10 ಮಿಲಿಮೀಟರ್‌ಗಿಂತ ಸಣ್ಣ ಸೂಜಿ ಆಗಿದ್ದರೆ ಎಕ್ಸ್‌ರೇಯನ್ನು ನಾನು ಅಷ್ಟು ನಂಬುತ್ತಿರಲಿಲ್ಲ. ಅವು ಎಷ್ಟೋ ಸಲ ಕಾಣುವುದೇ ಇಲ್ಲ.

ಹೊಟ್ಟೆಯೊಳಗೆ ಏನೂ ಇರಲಿಲ್ಲ. ಕೊನೆಗೆ ರೋಗಿಯ ಕಾಲಿನ ಕಡೆ, ಮೈಮೇಲೆ ಹೊದಿಸಿದ್ದ ಒದ್ದೆ ಡ್ರೇಪ್ ಬಟ್ಟೆಯ ಮಡಿಕೆ ಬಿಡಿಸಿದಾಗ ಬೆರಳುದ್ದದ ನೇರಳೆ ದಾರ ಕಾಣಿಸಿತು. ಅದರ ತುದಿಯಲ್ಲಿ ಸೂಜಿ. ನನ್ನ ಕಣ್ಣು ತುಂಬಿತು.

ತುರ್ತು ಆಪರೇಷನ್‌ಗಳಲ್ಲೇ ಇಂಥ ಅಪಾಯ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟ್‌ನಲ್ಲೂ ನರ್ಸ್ ಎಣಿಕೆಯನ್ನು ಬಾಯಿಬಿಟ್ಟು ಹೇಳಬೇಕು ಅಂತಿದೆ. ಈಗ ನಾನು ಹಳೆ ಸೂಜಿ ವಾಪಸ್ ಬರದೆ ಹೊಸದು ಕೊಡುವುದಿಲ್ಲ. ಕೈಯಿಂದ ಕೈಗೂ ಕೊಡುವುದಿಲ್ಲ, ಕಿಡ್ನಿ ಟ್ರೇಯಲ್ಲೇ ಇಡುತ್ತೇನೆ. ಹೊಸದಾಗಿ ಬರುವ ಹುಡುಗಿಯರನ್ನು ಖಾಲಿ ಓಟಿಯಲ್ಲಿ ನಿಲ್ಲಿಸಿ, "ಸರ್, ಒಂದು ಸೂಜಿ ಕಮ್ಮಿ ಇದೆ, ಮುಚ್ಚಬೇಡಿ" ಅಂತ ಜೋರಾಗಿ ಹೇಳಿಸುತ್ತೇನೆ. ಮೊದಲ ಸಲ ಎಲ್ಲರ ದನಿಯೂ ನಡುಗುತ್ತೆ. ಇನ್ನೊಂದು ಸಲ ಹೇಳು ಅನ್ನುತ್ತೇನೆ.